ಬಸ್ ಇಳಿಯೋದಕ್ಕೆ ‘ಗೆಟ್ ಡೌನ್’ ಸರಿಯಾ, ‘ಗೆಟ್ ಆಫ್’ ಸರಿಯಾ?

ರೇಡಿಯಂ ಅಂಗಡಿ
ನಮಸ್ಕಾರ ಎಲ್ಲರಿಗೂ. ದಾವಣಗೆರೆ ಪಿ.ಬಿ. ರೋಡಿನಲ್ಲಿ ನನ್ನದೊಂದು ಸ್ಟಿಕರ್ ಅಂಗಡಿ ಇದೆ. ನಂಬರ್ ಪ್ಲೇಟು, ರೇಡಿಯಂ ಕಟಿಂಗ್, ಲಾರಿ ಮುಂದೆ ಮನೆದೇವರ ಹೆಸರು, ಇದೇ ಕೆಲಸ. ಒಬ್ಬರು ಸ್ಕೂಲ್ ಬಸ್ ಮಾಲೀಕರು ಬಂದಿದ್ದಾರೆ. ಬಾಗಿಲ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಸಾಲು ಬೇಕಂತೆ. ಕನ್ನಡದ್ದೇನೂ ತಕರಾರಿಲ್ಲ: ‘ಬಸ್ ನಿಂತ ಮೇಲೆ ಇಳಿಯಿರಿ’. ಇಂಗ್ಲಿಷಿನದು ಅವರು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದು ಹೀಗೆ: ‘ಡು ನಾಟ್ ಗೆಟ್ ಡೌನ್ ವೈಲ್ ದ ಬಸ್ ಈಸ್ ಮೂವಿಂಗ್’.

ಅಂಗಡಿಗೆ ಬಂದಿದ್ದ ಕಾಲೇಜು ಹುಡುಗನೊಬ್ಬ ಅದನ್ನು ನೋಡಿ, ‘ಅಣ್ಣಾ, ಗೆಟ್ ಡೌನ್ ಅಲ್ಲ, ಗೆಟ್ ಆಫ್’ ಅಂದ. ಮಾಲೀಕರು ಒಪ್ಪಲಿಲ್ಲ. ‘ನಮ್ಮಪ್ಪನ ಕಾಲದಿಂದ ಗೆಟ್ ಡೌನ್ ಅಂತಲೇ ಹೇಳಿಕೊಂಡು ಬಂದಿದ್ದೇವೆ, ನೀನ್ಯಾವನೋ’ ಅಂತ ಜಗಳವೇ ಆಯಿತು. ರೇಡಿಯಂ ಒಂದು ಸಲ ಕಟ್ ಮಾಡಿದರೆ ಹೋಯಿತು, ತಿದ್ದಲಿಕ್ಕೆ ಬರುವುದಿಲ್ಲ. ತಿಳಿದವರು ಹೇಳಿ.

ಮಿರ್ಚಿ ಮಂಡಕ್ಕಿ
ಗೆಟ್ ಆಫ್ ಹಾಕಿ ಅಣ್ಣ. ಒಂದು ಅಕ್ಷರ ಉಳಿಯುತ್ತದೆ.

ದುರ್ಗದ ಇಂಗ್ಲಿಷ್ ಮೇಷ್ಟ್ರು
ಆ ಹುಡುಗ ಹೇಳಿದ್ದು ಸರಿ. ಇಂಗ್ಲೆಂಡ್, ಅಮೆರಿಕಾ ಎರಡೂ ಕಡೆ ಬಸ್ಸಿನಿಂದ, ರೈಲಿನಿಂದ, ವಿಮಾನದಿಂದ ಇಳಿಯೋದಕ್ಕೆ ‘ಗೆಟ್ ಆಫ್’ ಅನ್ನುತ್ತಾರೆ. ಹತ್ತೋದಕ್ಕೆ ‘ಗೆಟ್ ಆನ್’. ಕಾರು, ಟ್ಯಾಕ್ಸಿ, ಆಟೋ ಆದರೆ ಲೆಕ್ಕ ಬೇರೆ. ಅಲ್ಲಿ ಹತ್ತೋದು ‘ಗೆಟ್ ಇನ್’, ಇಳಿಯೋದು ‘ಗೆಟ್ ಔಟ್ ಆಫ್’.

ನಮಗೆ ಈ ಗೊಂದಲ ಯಾಕೆ ಅಂದರೆ, ಕನ್ನಡದಲ್ಲಿ ‘ಇಳಿ’ ಅನ್ನುವ ಒಂದೇ ಮಾತಿನಲ್ಲಿ ಎಲ್ಲಾ ಕೆಲಸ ಮುಗಿಯುತ್ತದೆ. ಬಸ್ ಇಳಿ, ಕಾರ್ ಇಳಿ, ಮರ ಇಳಿ, ಬೆಟ್ಟ ಇಳಿ, ಬಾವಿಗೆ ಇಳಿ. ಹಿಂದಿಯವರಿಗೆ ‘ಉತರ್‌ನಾ’, ತಮಿಳರಿಗೆ ‘ಇರಂಗು’, ತೆಲುಗರಿಗೆ ‘ದಿಗು’. ಎಲ್ಲರದೂ ಇದೇ ಕಥೆ. ಇಳಿ ಅಂದರೆ ಡೌನ್ ಅಂತ ಮನಸ್ಸಿಗೆ ಬರುತ್ತದೆ, ಅದಕ್ಕೇ ದೇಶಪೂರ್ತಿ ಗೆಟ್ ಡೌನ್ ಆಗಿರೋದು. ಇಂಗ್ಲಿಷ್‌ನವರು ಎತ್ತರ ನೋಡುವುದಿಲ್ಲ. ಗಾಡಿಗೂ ನಮಗೂ ಇರುವ ಸಂಬಂಧ ನೋಡುತ್ತಾರೆ. ಮೇಲೆ ಇದ್ದೀವಾ, ಒಳಗೆ ಇದ್ದೀವಾ, ಅಷ್ಟೇ. ಆಫ್ ಅಂದರೆ ಅದರಿಂದ ಕಳಚಿಕೊಂಡೆವು ಅಂತ.

ಪಿಬಿ ರೋಡ್ ಪ್ಯಾಸೆಂಜರ್
ಮೇಷ್ಟ್ರೇ, ಒಂದು ಅನುಮಾನ. ಬಸ್ಸಿನಲ್ಲೂ ನಾವು ಒಳಗೇ ಇರುತ್ತೀವಲ್ವಾ? ಟಾಪ್ ಮೇಲೆ ಕೂತು ಹೋಗುವ ಕಾಲ ಮುಗಿಯಿತು. ಹಂಗಿದ್ದ ಮೇಲೆ ಬಸ್ಸಿಗೆ ಆನ್, ಕಾರಿಗೆ ಇನ್ ಯಾಕೆ?

ದುರ್ಗದ ಇಂಗ್ಲಿಷ್ ಮೇಷ್ಟ್ರು
ಒಳ್ಳೇ ಪ್ರಶ್ನೆ. ನಾನು ಮಕ್ಕಳಿಗೆ ಹೇಳಿಕೊಡುವ ಗುಟ್ಟು ಇದು. ಹತ್ತಿದ ಮೇಲೆ ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ಓಡಾಡಬಹುದಾ? ಹಾಗಾದರೆ ಆನ್, ಆಫ್. ಬಸ್ಸು, ರೈಲು, ವಿಮಾನ, ಹಡಗು. ಬಗ್ಗಿಕೊಂಡು ನುಸುಳಿ ಸೀಟಿನಲ್ಲಿ ಕೂರಬೇಕಾ? ಹಾಗಾದರೆ ಇನ್, ಔಟ್ ಆಫ್. ಕಾರು, ಜೀಪು, ಆಟೋ, ಲಾರಿ ಕ್ಯಾಬಿನ್. ಕಾಲು ಅಗಲಿಸಿ ಮೇಲೆ ಕೂರಬೇಕಾ? ಮತ್ತೆ ಆನ್, ಆಫ್. ಸೈಕಲ್ಲು, ಬೈಕು, ಕುದುರೆ.

ನೀರಿನಲ್ಲೂ ಇದೇ ಗುಟ್ಟು ನಡೆಯುತ್ತದೆ. ಹಡಗಿಗೆ ಆನ್. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದರೆ ಇನ್. ಯಾಕಂದರೆ ಹರಿಗೋಲಿನಲ್ಲಿ ಎದ್ದು ಓಡಾಡಿದರೆ ಎಲ್ಲರೂ ನೀರಿಗೆ.

ಇದು ನೂರಕ್ಕೆ ನೂರು ನಿಯಮವೇನಲ್ಲ. ಬಸ್ಸಿಗೆ ಬೆಂಕಿ ಹತ್ತಿಕೊಂಡರೆ ಇಂಗ್ಲಿಷ್‌ನವರೂ ‘ಗೆಟ್ ಔಟ್ ಆಫ್ ದ ಬಸ್’ ಅಂತ ಕೂಗುತ್ತಾರೆ. ಆಗ ಒಳಗಿಂದ ಹೊರಗೆ ಬರೋದೇ ಮುಖ್ಯ. ‘ಹೀ ಈಸ್ ಸಿಟ್ಟಿಂಗ್ ಇನ್ ದ ಬಸ್’ ಅಂದರೂ ತಪ್ಪಿಲ್ಲ, ಅದು ಕೂತಿರುವ ಜಾಗದ ಮಾತು.

ಸುಮ್ನೆ ಓದೋನು
ಇಷ್ಟೆಲ್ಲಾ ತಲೆಬಿಸಿ ಯಾಕ್ರೀ? ‘ಐ ವಿಲ್ ಗೆಟ್ ಡೌನ್ ಎಟ್ ಜಯದೇವ ಸರ್ಕಲ್’ ಅಂದರೆ ದಾವಣಗೆರೆಯಲ್ಲಿ ಯಾರಿಗೆ ಅರ್ಥ ಆಗುವುದಿಲ್ಲ? ಡ್ರೈವರಿಗೂ ಆಗುತ್ತದೆ, ಕಂಡಕ್ಟರಿಗೂ ಆಗುತ್ತದೆ. ಕೋಟಿಗಟ್ಟಲೆ ಜನ ಹಂಗೇ ಹೇಳುತ್ತಾರೆ ಅಂದ ಮೇಲೆ ಅದೂ ಒಂದು ಇಂಗ್ಲಿಷೇ. ‘ಪ್ರಿಪೋನ್’ (ಪೋಸ್ಟ್‌ಪೋನ್‌ನ ಉಲ್ಟಾ, ಹೇಳಿದ್ದಕ್ಕಿಂತ ಮೊದಲೇ ಇಟ್ಟುಕೊಳ್ಳೋದು) ಅನ್ನೋದನ್ನೂ ಮೊದಲು ನಗಾಡಿದರು. ಈಗ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ.

ಹರಿಹರದವಳು, ಈಗ ಲೀಡ್ಸ್
ಸುಮ್ನೆ ಓದೋನು ಅವರೇ, ದಾವಣಗೆರೆಯ ಒಳಗೆ ನಿಮ್ಮ ಮಾತು ಒಪ್ಪಿದೆ. ‘ಪ್ರಿಪೋನ್’ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ ಆದರೆ. ‘ಪ್ರಿಪೋನ್’ಗೆ ಬಳಕೆಯಲ್ಲಿ ಬೇರೆ ಅರ್ಥ ಇರಲಿಲ್ಲ, ನಾವು ಬಳಸಿ ಬೆಳೆಸಿದೆವು, ನಮ್ಮದಾಯಿತು. ‘ಗೆಟ್ ಡೌನ್’ ಆಗಲೇ ಬೇರೆ ಕೆಲಸದಲ್ಲಿದೆ. ಇಲ್ಲಿ ಇಂಗ್ಲೆಂಡಿನಲ್ಲಿ ಯಾರಾದರೂ ಜೋರಾಗಿ ‘ಗೆಟ್ ಡೌನ್’ ಅಂತ ಕೂಗಿದರೆ ಜನ ತಲೆ ತಗ್ಗಿಸಿ ಕುಕ್ಕರುಗಾಲಲ್ಲಿ ಕೂರುತ್ತಾರೆ, ಇಲ್ಲಾ ನೆಲಕ್ಕೆ ಒರಗುತ್ತಾರೆ. ಇಂಗ್ಲಿಷ್ ಸಿನಿಮಾದಲ್ಲಿ ಗುಂಡು ಹಾರುವ ಮೊದಲು ಪೊಲೀಸಿನವರು ಕೂಗುವುದು ಇದನ್ನೇ. ನಾಯಿ ಮೈಮೇಲೆ ಹಾರಿದರೆ ಅದಕ್ಕೂ ‘ಗೆಟ್ ಡೌನ್’.

ಇನ್ನೊಂದು ಚೆಂದದ ಬಳಕೆ ಇದೆ. ಇಲ್ಲಿ ಕೆಲವು ಮನೆಗಳಲ್ಲಿ ಊಟ ಮುಗಿಸಿದ ಸಣ್ಣ ಮಕ್ಕಳು ‘ಮೇ ಐ ಗೆಟ್ ಡೌನ್?’ ಅಂತ ಕೇಳುತ್ತಾರೆ. ಟೇಬಲ್ ಬಿಟ್ಟು ಎದ್ದು ಹೋಗಲಾ ಅಂತ. ನಾನು ಮೊದಲ ಸಲ ಕೇಳಿದಾಗ, ಅರೆ, ಇದು ನಮ್ಮೂರ ಬಸ್ಸಿನ ಮಾತಲ್ವಾ ಅಂದುಕೊಂಡೆ.

ಕೋಟೆ ಗೈಡ್
ಅಕ್ಕ ಹೇಳಿದ್ದು ಖರೆ. ಚಿತ್ರದುರ್ಗದ ಕೋಟೆಯಲ್ಲಿ ನಾನು ಗೈಡ್ ಕೆಲಸ ಮಾಡುತ್ತೇನೆ. ನಮ್ಮ ಹುಡುಗನೊಬ್ಬ ಹೊಸದಾಗಿ ಕೆಲಸಕ್ಕೆ ಬಂದಿದ್ದ. ಮೇಲಿಂದ ವಾಪಸ್ ಬರುವಾಗ ಒಬ್ಬ ವಿದೇಶಿ ಹೆಂಗಸಿಗೆ ಮೆಟ್ಟಿಲು ತೋರಿಸಿ ‘ಮೇಡಂ, ಗೆಟ್ ಡೌನ್, ಗೆಟ್ ಡೌನ್’ ಅಂದ. ಪಾಪ, ಆಕೆ ಎರಡೂ ಕೈ ತಲೆ ಮೇಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟರು. ಕೋತಿ ಹಾರಿತೋ, ಜೇನು ಎದ್ದಿತೋ ಅಂತ ಮೇಲೆ ಕೆಳಗೆ ನೋಡುತ್ತಾರೆ. ಇವನು ಇನ್ನೂ ಜೋರಾಗಿ ‘ಗೆಟ್ ಡೌನ್’ ಅನ್ನುತ್ತಾನೆ. ಆಕೆ ಇನ್ನೂ ಬಗ್ಗುತ್ತಾರೆ.

ಅವತ್ತಿನಿಂದ ನಮ್ಮವರಿಗೆ ಹೇಳಿಕೊಟ್ಟಿದ್ದೇನೆ. ಮೆಟ್ಟಿಲು ಇಳಿಸುವಾಗ ‘ಕಮ್ ಡೌನ್ ಸ್ಲೋಲಿ’. ನಾವು ಕೆಳಗೆ ನಿಂತಿದ್ದರೆ ‘ಕಮ್’, ಜೊತೆಗೆ ಮೇಲೇ ಇದ್ದರೆ ‘ಗೋ ಡೌನ್’. ಬಂಡೆ ಹತ್ತಿದವರನ್ನು ಇಳಿಸುವಾಗ ‘ಕ್ಲೈಂಬ್ ಡೌನ್’. ಗೆಟ್ ಡೌನ್ ಅನ್ನಲಿಕ್ಕೆ ಕೋಟೆಯಲ್ಲಿ ಒಂದೇ ಒಂದು ಜಾಗ ಇದೆ, ಓಬವ್ವನ ಕಿಂಡಿ. ಹೈದರಾಲಿಯ ಸೈನಿಕರು ಆ ಸಂದಿಯಲ್ಲಿ ಒಬ್ಬೊಬ್ಬರಾಗಿ ತೆವಳಿಕೊಂಡು ಬರುತ್ತಿದ್ದರು, ಓಬವ್ವ ಒನಕೆ ಹಿಡಿದು ಕಾಯುತ್ತಿದ್ದಳು ಅಂತ ಕಥೆ ಹೇಳುವಾಗ ನಾನೇ ಬಗ್ಗಿ ತೋರಿಸಿ ‘ದೇ ಹ್ಯಾಡ್ ಟು ಗೆಟ್ ಡೌನ್ ಅಂಡ್ ಕ್ರಾಲ್’ ಅನ್ನುತ್ತೇನೆ. ಅಲ್ಲಿ ಅದು ಸರಿಯಾಗಿ ಕೂರುತ್ತದೆ.

ಮಿರ್ಚಿ ಮಂಡಕ್ಕಿ
ಹೆಂಗಸು ತಲೆ ಮೇಲೆ ಕೈಯಿಟ್ಟು ಕೂತಿದ್ದು ನೆನೆಸಿಕೊಂಡು ನಗು ತಡೆಯಲಿಕ್ಕೆ ಆಗುತ್ತಿಲ್ಲ.

ಬ್ಯಾಂಕ್ ಎಕ್ಸಾಂ ಹುಡುಗಿ
ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ‘ಹೀ ಗಾಟ್ ಡೌನ್ ಫ್ರಮ್ ದ ಬಸ್’ ಹಳೇ ಗಿರಾಕಿ. ನನ್ನ ಪ್ರಶ್ನೆ ಆ ‘ಫ್ರಮ್’ ಬಗ್ಗೆ. ‘ಗೆಟ್ ಆಫ್ ಫ್ರಮ್ ದ ಬಸ್’ ಅನ್ನಬೇಕಾ, ಬರೀ ‘ಗೆಟ್ ಆಫ್ ದ ಬಸ್’ ಸಾಕಾ? ಕನ್ನಡದಲ್ಲಿ ಬಸ್ಸಿ‘ನಿಂದ’ ಅನ್ನುತ್ತೀವಲ್ವಾ?

ದುರ್ಗದ ಇಂಗ್ಲಿಷ್ ಮೇಷ್ಟ್ರು
ಸಾಕಮ್ಮ. ಆ ‘ಇಂದ’ ಆಫ್‌ನ ಹೊಟ್ಟೆಯೊಳಗೇ ಇದೆ. ‘ಫ್ರಮ್’ ಸೇರಿಸಿದರೆ ಎರಡು ಸಲ ಹೇಳಿದ ಹಾಗೆ. ಕಾರಿಗೆ ಮಾತ್ರ ‘ಆಫ್’ ಬೇಕೇ ಬೇಕು, ಎಫ್ ಒಂದೇ ಇರುವ ಆಫ್: ‘ಗೆಟ್ ಔಟ್ ಆಫ್ ದ ಕಾರ್’. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ, ಹುಷಾರು. ಬಸ್ಸಿನದು ಎರಡು ಎಫ್.

ಜಾಗದ ಹೆಸರು ಬಂದರೆ ‘ಎಟ್’. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ನೇರ ರೈಲು ಸಿಗದವರು ಚಿಕ್ಕಜಾಜೂರಿನಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕಲ್ಲ, ಅದನ್ನು ಹೇಳೋದು ಹೀಗೆ: ‘ಗೆಟ್ ಆಫ್ ಎಟ್ ಚಿಕ್ಕಜಾಜೂರು ಅಂಡ್ ಚೇಂಜ್ ಟ್ರೇನ್ಸ್’. ರೈಲು ಎಷ್ಟೊತ್ತಿಗೆ ಬಂದು ಸೇರುತ್ತದೆ ಅಂತ ಕೇಳಬೇಕಾದರೆ ‘ವಾಟ್ ಟೈಮ್ ಡಸ್ ದ ಟ್ರೇನ್ ಗೆಟ್ ಇನ್?’ ಈ ‘ಗೆಟ್ ಇನ್’ ಹತ್ತೋದಲ್ಲ, ರೈಲು ಸ್ಟೇಷನ್ನಿಗೆ ಬರೋದು.

ಇನ್ನು ‘ಫ್ರಮ್’ ಬೇಕಾಗುವುದು ಎತ್ತರವೇ ಮುಖ್ಯ ಆದಾಗ. ಮರ, ಏಣಿ, ಗೋಡೆ, ಕುದುರೆ, ದೊಡ್ಡ ಟ್ರ್ಯಾಕ್ಟರ್. ಅಲ್ಲಿ ‘ಗೆಟ್ ಡೌನ್ ಫ್ರಮ್ ದ ವಾಲ್’ ಅಂದರೆ ಶುದ್ಧ ಇಂಗ್ಲಿಷ್. ಹಾಗಾಗಿ ಗೆಟ್ ಡೌನ್ ಅನ್ನೋದೇ ತಪ್ಪು ಅಂತ ಯಾರೂ ತಿಳಿಯಬೇಡಿ.

ಪಿಬಿ ರೋಡ್ ಪ್ಯಾಸೆಂಜರ್
ಕನ್ನಡದಲ್ಲಿ ‘ಇಳಿಸು’ ಅಂತಾನೂ ಇದೆಯಲ್ಲ, ಅದಕ್ಕೇನು ಹೇಳುತ್ತಾರೆ? ‘ನನ್ನನ್ನು ಇಲ್ಲೇ ಇಳಿಸಿ’ ಅಂತ ಡ್ರೈವರಿಗೆ ಹೇಳಬೇಕಾದರೆ?

ಹರಿಹರದವಳು, ಈಗ ಲೀಡ್ಸ್
ಯಾರು ಯಾರನ್ನು ಇಳಿಸುತ್ತಾರೆ ಅನ್ನೋದರ ಮೇಲೆ ಹೋಗುತ್ತದೆ. ಕಾರಿನವರಿಗೆ ‘ಡ್ರಾಪ್ ಮಿ ಆಫ್ ಹಿಯರ್’. ಬರೀ ‘ಡ್ರಾಪ್ ಮಿ’ ಅಂದರೆ ಅರ್ಥ ಆಗುತ್ತದೆ, ಆದರೆ ಆಫ್ ಇದ್ದರೆ ಸಹಜ. ಟ್ಯಾಕ್ಸಿಯಲ್ಲಿ ‘ಯೂ ಕ್ಯಾನ್ ಲೆಟ್ ಮಿ ಔಟ್ ಹಿಯರ್’. ಬಸ್ಸಿನಲ್ಲಿ ‘ಕುಡ್ ಯೂ ಲೆಟ್ ಮಿ ಆಫ್ ಹಿಯರ್?’ ಗಾಡಿ ಪಕ್ಕಕ್ಕೆ ಹಾಕು ಅನ್ನೋದಕ್ಕೆ ‘ಪುಲ್ ಓವರ್’. ಟೀಚರ್ ಮಕ್ಕಳನ್ನು ಬಸ್ಸಿನಿಂದ ಇಳಿಸಿದರು ಅನ್ನೋದಕ್ಕೆ ‘ಷೀ ಗಾಟ್ ದ ಚಿಲ್ಡ್ರನ್ ಆಫ್ ದ ಬಸ್’. ಮಕ್ಕಳು ಗೆಟ್‌ಗೂ ಆಫ್‌ಗೂ ನಡುವೆ ಬಂದು ಕೂರುತ್ತಾರೆ ನೋಡಿ.

ಸಾಮಾನು ಇಳಿಸೋದು ಇನ್ನೂ ಮಜಾ ಇದೆ. ಮೇಲಿನ ಕ್ಯಾರಿಯರಿನಲ್ಲಿ ಬ್ಯಾಗ್ ಇದೆ, ಕೈಗೆ ಎಟುಕುತ್ತಿಲ್ಲ, ಪಕ್ಕದವರನ್ನು ಕೇಳಬೇಕು. ಆಗ ‘ಕುಡ್ ಯೂ ಗೆಟ್ ಮೈ ಬ್ಯಾಗ್ ಡೌನ್?’ ಇಲ್ಲಿ ಡೌನೇ ಸರಿ. ಅಂದರೆ ಬಸ್ಸಿನಲ್ಲಿ ಬ್ಯಾಗ್ ಗೆಟ್ ಡೌನ್ ಆಗುತ್ತದೆ, ಬ್ಯಾಗಿನ ಯಜಮಾನ ಗೆಟ್ ಆಫ್ ಆಗುತ್ತಾನೆ.

ಭಟ್ಟಿ ಹತ್ತಿರದವನು
ಮಂಡಕ್ಕಿ ಭಟ್ಟಿಯಿಂದ ಮೂಟೆ ಹೋಗುವುದನ್ನು ದಿನಾ ನೋಡುತ್ತೇನೆ. ಆಳೆತ್ತರ ಇರುತ್ತದೆ, ತೂಕ ಮಾತ್ರ ಏನಿಲ್ಲ. ಒಬ್ಬ ಟಾಪ್ ಮೇಲಿಂದ ಹಗ್ಗ ಬಿಚ್ಚಿ ತಳ್ಳುತ್ತಾನೆ, ಇನ್ನೊಬ್ಬ ಕೆಳಗೆ ಎರಡೂ ಕೈ ಅಗಲಿಸಿ ಹಿಡಿಯುತ್ತಾನೆ. ಅದನ್ನು ಇಂಗ್ಲಿಷಿನಲ್ಲಿ ಏನನ್ನಬೇಕು?

ಹರಿಹರದವಳು, ಈಗ ಲೀಡ್ಸ್
‘ಗೆಟ್ ದ ಸ್ಯಾಕ್ಸ್ ಡೌನ್’ ಸರಿಯಾಗಿದೆ. ಒಟ್ಟು ಲೋಡ್ ಖಾಲಿ ಮಾಡೋದಾದರೆ ‘ಅನ್‌ಲೋಡ್’. ನೀವು ಬರೆದಿದ್ದು ಓದಿ ನನಗೆ ಈಗ ಮಂಡಕ್ಕಿ ತಿನ್ನಬೇಕು ಅನಿಸಿತು, ಇಲ್ಲಿ ಎಲ್ಲಿಂದ ತರಲಿ.

ಒಂದು ಎಚ್ಚರಿಕೆ. ಗೆಟ್ ಆಫ್ ಕಲಿತೆವು ಅಂತ ಖುಷಿಯಲ್ಲಿ ಅದರ ಹಿಂದೆ ‘ವಿತ್’ ಹಾಕಿ ಮನುಷ್ಯರ ಹೆಸರು ಹೇಳಬೇಡಿ. ‘ಐ ಗಾಟ್ ಆಫ್ ವಿತ್ ಮೈ ಫ್ರೆಂಡ್ ಎಟ್ ಹರಿಹರ’ ಅಂದರೆ ಬ್ರಿಟನ್ನಿನವರು ಮುಸಿಮುಸಿ ನಗುತ್ತಾರೆ. ‘ಗೆಟ್ ಆಫ್ ವಿತ್’ ಅಂದರೆ ಇಲ್ಲಿನ ಆಡುಮಾತಿನಲ್ಲಿ ಅವರ ಜೊತೆ ಮುದ್ದಾಟ ನಡೆಯಿತು ಅಂತ. ‘ಮೈ ಫ್ರೆಂಡ್ ಅಂಡ್ ಐ ಗಾಟ್ ಆಫ್ ಎಟ್ ಹರಿಹರ’ ಅನ್ನಿ, ಮರ್ಯಾದೆ ಉಳಿಯುತ್ತದೆ.

ಸುಮ್ನೆ ಓದೋನು
ನೋಡಿದ್ರಾ? ಗೆಟ್ ಡೌನ್ ಅಂದಿದ್ದರೆ ಈ ಅಪಾಯವೇ ಇರಲಿಲ್ಲ.

ದುರ್ಗದ ಇಂಗ್ಲಿಷ್ ಮೇಷ್ಟ್ರು
ಹ್ಹ ಹ್ಹ. ಆ ಪಾಯಿಂಟ್ ನಿಮಗೆ.

ನಿಜ ಹೇಳಬೇಕೆಂದರೆ ಗೆಟ್ ಆಫ್ ಕೂಡ ಒಂಟಿ ಅರ್ಥದ ಮಾತಲ್ಲ. ‘ವೀ ಗಾಟ್ ಆಫ್ ಅರ್ಲಿ’ ಅಂದರೆ ಬೇಗ ಹೊರಟೆವು ಅಂತ. ಇಳಿಯೋದೂ ಅದೇ, ಹೊರಡೋದೂ ಅದೇ! ಅಮೆರಿಕಾದಲ್ಲಿ ‘ವಾಟ್ ಟೈಮ್ ಡು ಯೂ ಗೆಟ್ ಆಫ್?’ ಅಂದರೆ ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತೆ ಅಂತ. ‘ಹೀ ಗಾಟ್ ಆಫ್ ವಿತ್ ಅ ವಾರ್ನಿಂಗ್’ ಅಂದರೆ ಬೈದು ಬಿಟ್ಟರು, ಶಿಕ್ಷೆ ಇಲ್ಲದೆ ಪಾರಾದ ಅಂತ. ಇಲ್ಲಿ ‘ವಿತ್’ ಇದ್ದರೂ ಹಿಂದೆ ಮನುಷ್ಯರಿಲ್ಲ, ಹೆದರಬೇಡಿ. ಎಲ್ಲದರಲ್ಲೂ ಬಿಟ್ಟು ದೂರ ಆಗುವ ಒಂದು ಎಳೆ ಇದೆ. ಬಸ್ ಬಿಟ್ಟೆ, ಊರು ಬಿಟ್ಟೆ, ಕೆಲಸ ಬಿಟ್ಟೆ, ಶಿಕ್ಷೆ ತಪ್ಪಿತು.

ಗೆಟ್ ಡೌನ್‌ಗೂ ಹೀಗೆ ಮರಿಗಳಿವೆ. ಬೇಜಾರು ಮಾಡೋದು, ಬರೆದುಕೊಳ್ಳೋದು, ಔಷಧಿ ಕಷ್ಟಪಟ್ಟು ನುಂಗೋದು. ‘ಗೆಟ್ ಡೌನ್ ಟು ವರ್ಕ್’ ಮಾತ್ರ ನನಗೆ ಇಷ್ಟ. ನಾವೂ ‘ಕೆಲಸಕ್ಕೆ ಇಳಿ’ ಅನ್ನುತ್ತೇವೆ. ಅಲ್ಲಿ ಕನ್ನಡದಿಂದ ನೇರ ತಂದರೂ ತಪ್ಪಾಗುವುದಿಲ್ಲ.

ನಿವೃತ್ತ ಕಂಡಕ್ಟರ್
ಇದನ್ನೆಲ್ಲಾ ನನ್ನ ಮೊಮ್ಮಗಳು ಓದಿ ಹೇಳಿದಳು. ನಮ್ಮ ಸರ್ವಿಸಿನಲ್ಲಿ ನಾವು ಗೆಟ್ ಡೌನೂ ಅನ್ನಲಿಲ್ಲ, ಗೆಟ್ ಆಫೂ ಅನ್ನಲಿಲ್ಲ. ‘ಯಾರ್ರೀ ಆನಗೋಡು ಇಳಿಯೋರು, ಬಾಗಿಲಿಗೆ ಬನ್ರಿ’ ಅಂದರೆ ಮುಗಿಯಿತು. ಇಂಗ್ಲಿಷ್ ಇದ್ದಿದ್ದು ಎರಡೇ. ನಿಲ್ಲಿಸಲಿಕ್ಕೆ ‘ಹೋಲ್ಡಾನ್’, ಹೊರಡಲಿಕ್ಕೆ ‘ರೈಟ್’. ಭರಮಸಾಗರದ ಸಂತೆಗೆ ಹೋಗುವ ಅಜ್ಜಿಯರೂ ‘ಹೋಲ್ಡಾನ್ ಮಾಡೋ ತಮ್ಮಾ, ನಂದು ಗಂಟು ಉಳೀತು’ ಅನ್ನುತ್ತಿದ್ದರು.

ಹರಿಹರದವಳು, ಈಗ ಲೀಡ್ಸ್
ಅಜ್ಜಾ, ‘ಹೋಲ್ಡ್ ಆನ್’ ಕೂಡ ಇದೇ ಜಾತಿಯ ಮಾತು! ಇಲ್ಲಿ ಬಸ್ಸಿನಲ್ಲಿ ‘ಹೋಲ್ಡ್ ಆನ್’ ಅಂದರೆ ತಡಿ ಅಂತಾನೂ ಆಗುತ್ತದೆ, ಗಟ್ಟಿಯಾಗಿ ಹಿಡ್ಕೋ ಅಂತಾನೂ ಆಗುತ್ತದೆ. ನಮ್ಮೂರಲ್ಲಿ ಬ್ರೇಕ್ ಹಾಕು ಅಂತ.

ನಿವೃತ್ತ ಕಂಡಕ್ಟರ್
ನಮ್ಮ ಡ್ರೈವರ್‌ಗಳು ಬ್ರೇಕ್ ಹಾಕಿದರೆ ಗಟ್ಟಿಯಾಗಿ ಹಿಡ್ಕೊಳ್ಳಲೇಬೇಕಿತ್ತು ತಾಯಿ. ಎರಡೂ ಒಂದೇ.

ಪಿಬಿ ರೋಡ್ ಪ್ಯಾಸೆಂಜರ್
ಬೇರೆ ದೇಶದವರೂ ಈ ಥರ ಮಾಡುತ್ತಾರಾ? ಸುಮ್ನೆ ಕುತೂಹಲ.

ಹರಿಹರದವಳು, ಈಗ ಲೀಡ್ಸ್
ನಮ್ಮ ಆಫೀಸಿನಲ್ಲಿ ಒಬ್ಬ ಫ್ರೆಂಚ್ ಹುಡುಗಿ ಇದ್ದಾಳೆ. ಅವರ ಭಾಷೆಯಲ್ಲೂ ಬಸ್ಸಿಗೆ, ಕಾರಿಗೆ, ಮೆಟ್ಟಿಲಿಗೆ ‘ದೆಸಾಂದ್ರ್’ ಅನ್ನೋ ಒಂದೇ ಮಾತು, ಇಳಿ ಅಂತಲೇ. ಜರ್ಮನ್‌ನವರದು ಬೇರೆ, ಬಸ್ಸಿಗೂ ಕಾರಿಗೂ ಹೊರಗೆ ಹೆಜ್ಜೆಯಿಡು ಅನ್ನುವಂಥ ಮಾತು.

ಸುಮ್ನೆ ಓದೋನು
ಸರಿ, ಬೋರ್ಡಿನ ವಿಷಯಕ್ಕೆ ಬರೋಣ. ಮಾತಿನಲ್ಲಿ ಗೆಟ್ ಡೌನ್ ಇರಲಿ ಅನ್ನೋದು ನನ್ನ ವಾದ, ಅದನ್ನು ಬಿಡುವುದಿಲ್ಲ. ಸ್ಕೂಲ್ ಬಸ್ಸಿನ ಬಾಗಿಲು ಮಾತ್ರ ಮಕ್ಕಳು ದಿನಾ ಎರಡು ಹೊತ್ತು ಓದುವಂಥದ್ದು. ಅಲ್ಲಿ ಪುಸ್ತಕದ ಇಂಗ್ಲಿಷ್ ಇರಲಿ. ನಾಳೆ ಪರೀಕ್ಷೆಯಲ್ಲಿ ಮಾರ್ಕ್ಸ್ ಹೋದರೆ ಆ ಮಾಲೀಕರು ಕೊಡುತ್ತಾರಾ?

ಬ್ಯಾಂಕ್ ಎಕ್ಸಾಂ ಹುಡುಗಿ
‘ಅಲೈಟ್’ ಹಾಕಿದರೆ? ಅದಕ್ಕೂ ಇಳಿ ಅಂತಲೇ ಅರ್ಥ, ಗ್ರಾಂಡಾಗಿ ಇರುತ್ತದೆ.

ದುರ್ಗದ ಇಂಗ್ಲಿಷ್ ಮೇಷ್ಟ್ರು
ಬ್ರಿಟನ್ನಿನ ರೈಲುಗಳಲ್ಲಿ ಇವತ್ತಿಗೂ ‘ಅಲೈಟ್ ಹಿಯರ್ ಫಾರ್’ ಅಂತ ಅನೌನ್ಸ್ ಮಾಡುತ್ತಾರೆ. ಅದು ಬೋರ್ಡಿನ ಭಾಷೆ, ಬಾಯಿ ಮಾತಲ್ಲ. ಮೂರನೇ ಕ್ಲಾಸಿನ ಮಗು ಅದನ್ನು ಲೈಟ್ ಅಂತ ಓದಿಕೊಂಡು ಸ್ವಿಚ್ ಹುಡುಕುತ್ತದೆ. ಬೇಡ.

‘ಡು ನಾಟ್’ ಅಂತ ಶುರು ಮಾಡುವುದನ್ನೂ ಬಿಡಿ. ಕನ್ನಡದ ಸಾಲು ಎಷ್ಟು ನೇರವಾಗಿದೆ, ‘ಬಸ್ ನಿಂತ ಮೇಲೆ ಇಳಿಯಿರಿ’. ಏನು ಮಾಡಬೇಕು ಅಂತ ಹೇಳುತ್ತದೆ. ಇಂಗ್ಲಿಷಿನಲ್ಲೂ ಹಾಗೇ ಬರೆಯಿರಿ: ‘ಗೆಟ್ ಆಫ್ ಓನ್ಲಿ ಆಫ್ಟರ್ ದ ಬಸ್ ಸ್ಟಾಪ್ಸ್’. ಎರಡು ಎಫ್ ಮರೆಯಬೇಡಿ.

ರೇಡಿಯಂ ಅಂಗಡಿ
ಎಲ್ಲರಿಗೂ ಥ್ಯಾಂಕ್ಸ್. ಮಾಲೀಕರಿಗೆ ಕೋಟೆ ಗೈಡ್ ಅವರ ಕಥೆ ಓದಿ ಹೇಳಿದೆ. ನಕ್ಕರು, ಒಪ್ಪಿದರು. ಕನ್ನಡ ಮೇಲೆ ದಪ್ಪಗೆ ಹಳದಿಯಲ್ಲಿ, ಇಂಗ್ಲಿಷ್ ಕೆಳಗೆ ಬಿಳಿಯಲ್ಲಿ. ಮೇಷ್ಟ್ರು ಕೊಟ್ಟ ಸಾಲೇ ಕಟ್ ಮಾಡಿ ಅಂಟಿಸಿದ್ದೇನೆ. ಗುಳ್ಳೆ ಬಾರದ ಹಾಗೆ ಸೋಪಿನ ನೀರು ಚಿಮುಕಿಸಿ ಎಳೆದಿದ್ದೇನೆ, ಚೆನ್ನಾಗಿ ಕೂತಿದೆ.

ಈಗ ಹೊಸ ತಲೆನೋವು. ಅದನ್ನು ನೋಡಿ ಒಬ್ಬ ಆಟೋದವನು ಬಂದಿದ್ದಾನೆ. ಅವನಿಗೂ ಬೇಕಂತೆ, ‘ಎಡಗಡೆಯಿಂದ ಇಳಿಯಿರಿ’ ಅಂತ. ಆಟೋಗೆ ಗೆಟ್ ಔಟ್ ಅಂದಿರಲ್ಲ ಮೇಷ್ಟ್ರೇ, ಪ್ಯಾಸೆಂಜರ್ ಮುಖಕ್ಕೆ ಕಾಣುವ ಹಾಗೆ ‘ಗೆಟ್ ಔಟ್’ ಅಂತ ಬರೆದರೆ ಯಾರಾದರೂ ಹತ್ತುತ್ತಾರಾ?

ದುರ್ಗದ ಇಂಗ್ಲಿಷ್ ಮೇಷ್ಟ್ರು
ಹತ್ತುವುದಿಲ್ಲ! ಕನ್ನಡದಲ್ಲಿ ‘ಗೆಟೌಟ್’ ಅಂದರೆ ಬೈಗುಳವೇ. ಕಾರಿಗೂ ನಮ್ಮವರು ಗೆಟ್ ಡೌನ್ ಅನ್ನೋದಕ್ಕೆ ಅದೂ ಒಂದು ಕಾರಣ ಇರಬೇಕು ಅಂತ ನನ್ನ ಲೆಕ್ಕ. ಮನೆಗೆ ಬಂದ ಬೀಗರಿಗೆ ಕಾರಿನ ಬಾಗಿಲು ತೆಗೆದು ಗೆಟ್ ಔಟ್ ಅನ್ನಲಿಕ್ಕೆ ಬಾಯಿ ಬರುತ್ತದಾ? ಇಂಗ್ಲಿಷ್‌ನವರ ಕಿವಿಗೂ ಬರೀ ‘ಗೆಟ್ ಔಟ್’ ಒರಟೇ. ‘ಆಫ್ ದ ಕಾರ್’ ಅಂತ ಬಾಲ ಸೇರಿದಾಗ ಮೆತ್ತಗಾಗುತ್ತದೆ.

‘ಪ್ಲೀಸ್ ಯೂಸ್ ದ ಲೆಫ್ಟ್ ಸೈಡ್’ ಅಂತ ಹಾಕಿ. ಹತ್ತೋದಕ್ಕೂ ಆಯಿತು, ಇಳಿಯೋದಕ್ಕೂ ಆಯಿತು.

ಮಿರ್ಚಿ ಮಂಡಕ್ಕಿ
ಇಲ್ಲಾಂದರೆ ಎಡಕ್ಕೆ ಒಂದು ಬಾಣದ ಗುರುತು ಸಾಕು ಅಣ್ಣ. ರೇಡಿಯಂ ಇನ್ನೂ ಉಳಿಯುತ್ತದೆ.

ರೇಡಿಯಂ ಅಂಗಡಿ
ನಿನಗೆ ನನ್ನ ರೇಡಿಯಂ ಮೇಲೇ ಕಣ್ಣು ಮಾರಾಯ. ಬಾಣ ಚೆನ್ನಾಗಿದೆ, ಅವನನ್ನು ಕೇಳಿ ನೋಡುತ್ತೇನೆ.